ಮುಡಿಗಲ್ಲ, ಗುಡಿಗಲ್ಲ

ತುಳಸಿಗೆ ನಮ್ಮ ಅಂಗಳದಲ್ಲಿ ಕಟ್ಟೆಯಿದೆ, ಸಂಜೆಗೆ ದೀಪವಿದೆ, ಕಾರ್ತಿಕದಲ್ಲಿ ಮದುವೆಯೂ ಇದೆ. ರಸ್ತೆ ಬದಿಯ ತುಂಬೆ ಹೂವನ್ನು ಶಿವ ಕೇಳಿ ಪಡೆಯುತ್ತಾನೆ. ಮರುಗ, ಕಾಮಕಸ್ತೂರಿಗಳು ದಂಡೆಯ ನಡುವೆ ಹಸಿರಾಗಿ ಸೇರಿಕೊಂಡು ಹೆಂಗಸರ ಜಡೆ ಏರುತ್ತವೆ. ಪುದೀನ ಚಟ್ನಿಗಾಯಿತು, ದೊಡ್ಡಪತ್ರೆ ತಂಬುಳಿಗೂ ಆಯಿತು, ಮಗುವಿನ ನೆಗಡಿಗೂ ಆಯಿತು. ಇವೆಲ್ಲ ಒಂದೇ ಮನೆತನದವು. ಅನುಮಾನವಿದ್ದರೆ ಯಾವುದಾದರೂ ಒಂದರ ಎಳೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಿ. ಸಲೀಸಾಗಿ ಹೊರಳುವುದಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಕುತ್ತವೆ. ಎಲೆಗಳು ಎದುರುಬದುರು ಜೋಡಿ. ಕೆಳಗಿನ ಜೋಡಿ ಪೂರ್ವ ಪಶ್ಚಿಮಕ್ಕಿದ್ದರೆ ಮೇಲಿನದು ಉತ್ತರ ದಕ್ಷಿಣಕ್ಕೆ. ಹೂವಿಗೆ ಮೇಲೊಂದು, ಕೆಳಗೊಂದು ತುಟಿ.

ಈ ಮನೆತನದಲ್ಲಿ ಎಲ್ಲಕ್ಕಿಂತ ದೊಡ್ಡ ಬಳಗ ಸಾಲ್ವಿಯಾದ್ದು. ಪ್ರಪಂಚದಲ್ಲಿ ಸುಮಾರು 1000 ಬಗೆಗಳಿವೆ. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಹರಡಿಕೊಂಡಿವೆ. ಇಷ್ಟು ದೊಡ್ಡ ಬಳಗದ ಒಬ್ಬರಿಗಾದರೂ ನಮ್ಮ ದೇವರ ಮನೆಯಲ್ಲಿ, ಅಡುಗೆ ಮನೆಯಲ್ಲಿ, ಹೂವಾಡಗಿತ್ತಿಯ ಬುಟ್ಟಿಯಲ್ಲಿ ಜಾಗ ಸಿಗಲಿಲ್ಲ. ಕಚೇರಿಗಳ ಮುಂದೆ ನಿಲ್ಲುವ ಕೆಲಸವೊಂದು ಸಿಕ್ಕಿತು, ಅಷ್ಟೇ.

ನಮ್ಮ ಅತ್ತೆ, ಹೊಸ ಗಿಡ ಯಾವುದು ಬಂದರೂ ಅದನ್ನು ಜಗುಲಿಯ ಮೇಲಿಟ್ಟುಕೊಂಡು ಸಂದರ್ಶನ ಮಾಡುತ್ತಾರೆ. ದೇವರಿಗೆ ಆಗತ್ತಾ? ಮುಡಿಯೋಕೆ ಬರತ್ತಾ? ಘಮ ಏನಾದ್ರೂ ಇದೆಯಾ? ಮೂರರಲ್ಲಿ ಒಂದರಲ್ಲಿ ಪಾಸಾದರೂ ಸಾಕು. ಆ ಮಟ್ಟಿಗೆ ಉದಾರಿ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಮೊಳಗಟ್ಟಲೆ ಕಟ್ಟಬಹುದು. ದಾಸವಾಳ ಮುಡಿಯುವವರು ಕಡಿಮೆ, ಆದರೆ ಗಣಪತಿ ಬಿಡುವುದಿಲ್ಲ. ರಾತ್ರಿರಾಣಿಗೆ ಬರೀ ಘಮದ ಬಲದ ಮೇಲೆ ಹಿತ್ತಲಿನಲ್ಲಿ ಜಾಗ ಸಿಕ್ಕಿದೆ. ನಾನು ನರ್ಸರಿಯಿಂದ ಕಪ್ಪು ಚೀಲದಲ್ಲಿ ಕೆಂಪು ಸಾಲ್ವಿಯಾ ತಂದಾಗ ಅದಕ್ಕೂ ಅದೇ ಪರೀಕ್ಷೆಯಾಯಿತು. ಒಂದು ಹೂ ಕಿತ್ತು ಮೂಸಿದರು, ಏನೂ ಇಲ್ಲ. ಬಾಳೆ ನಾರು ತರಿಸಿ ಗಂಟು ಹಾಕಲು ನೋಡಿದರು. ಕೆಂಪು ಕೊಳವೆ ತಾನು ಕೂತಿದ್ದ ಪುಷ್ಪಪಾತ್ರೆಯಿಂದ ನುಣ್ಣಗೆ ಜಾರಿ ಮಡಿಲಿಗೆ ಬಿತ್ತು. ನಾರಿನಲ್ಲಿ ಉಳಿದದ್ದು ಬರೀ ತೊಟ್ಟು.

“ಕಟ್ಟೋಕೂ ನಿಲ್ಲಲ್ವಲ್ಲಮ್ಮ ಇದು. ಮತ್ತೆ ಯಾಕೆ ತಂದೆ?”

ನ್ಯಾಯವಾದ ಪ್ರಶ್ನೆ. ಚೆನ್ನಾಗಿದೆ ಅಂತ ತಂದೆ ಅಂದರೆ ನಮ್ಮಲ್ಲಿ ಅದು ಉತ್ತರವಾಗುವುದಿಲ್ಲ. ಹೂ ಅಂದ ಮೇಲೆ ಎಲ್ಲಿಗಾದರೂ ಹೋಗಬೇಕು: ಗುಡಿಗೆ, ಮುಡಿಗೆ, ಮದುವೆ ಮನೆಗೆ, ಕೊನೆಗೆ ಚಟ್ಟಕ್ಕಾದರೂ. ಎಲ್ಲಿಗೂ ಹೋಗದೆ ಗಿಡದಲ್ಲೇ ಇದ್ದು ಗಿಡದಲ್ಲೇ ಮುಗಿಯುವ ಹೂವನ್ನು ನೀರು ಗೊಬ್ಬರ ಕೊಟ್ಟು ಸಾಕುವುದು ದಂಡದ ಬಾಬತ್ತು ಎಂಬುದು ಅತ್ತೆಯೊಬ್ಬರ ಅಭಿಪ್ರಾಯವಲ್ಲ, ನಾಡಿನ ಅಭಿಪ್ರಾಯ.

ಹಾಗಂತ ಕೆಂಪು ಸಾಲ್ವಿಯಾ ನೋಡಿಲ್ಲದವರು ಯಾರೂ ಇರಲಾರರು. ಸರ್ಕಾರಿ ಕಚೇರಿಯ ಧ್ವಜಸ್ತಂಭದ ಸುತ್ತ, ರೈಲ್ವೆ ಸ್ಟೇಷನ್ನಿನ ಮುಂದಿನ ತ್ರಿಕೋನದಲ್ಲಿ, ಬ್ಯಾಂಕಿನ ಮೆಟ್ಟಿಲ ಎರಡೂ ಬದಿಗೆ ಕೆಮ್ಮಣ್ಣು ಬಳಿದ ಕುಂಡಗಳಲ್ಲಿ ಒಂದೇ ಎತ್ತರಕ್ಕೆ ನಿಂತಿರುವ ಕೆಂಪು ಬಹುಮಟ್ಟಿಗೆ ಇದೇ. ದಸರೆಯಲ್ಲಿ ನಮ್ಮ ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ, ಜನವರಿ ಮತ್ತು ಆಗಸ್ಟಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೂ ಇದು ತಪ್ಪದೆ ಹಾಜರು. ಜನ ಮುಗಿಬಿದ್ದು ಫೋಟೊ ತೆಗೆಯುವುದು ಗುಲಾಬಿಯಲ್ಲಿ ಕಟ್ಟಿದ ಗೋಪುರವನ್ನು. ಅದರ ಬುಡಕ್ಕೆ ಸಾಲಾಗಿ ಜೋಡಿಸಿದ ಸಾಲ್ವಿಯಾ ಕುಂಡಗಳು ಫೋಟೊದ ಅಂಚಿನಲ್ಲಿ ಅರ್ಧ ಬರುತ್ತವೆ, ಅರ್ಧ ಬರುವುದಿಲ್ಲ.

ಇದರ ತವರು ಬ್ರೆಜಿಲ್. ಯೂರೋಪಿನ ಸಸ್ಯಶಾಸ್ತ್ರಜ್ಞರು 1822ರಲ್ಲಿ ಇದನ್ನು ವರ್ಣಿಸಿ ಸಾಲ್ವಿಯಾ ಸ್ಪ್ಲೆಂಡೆನ್ಸ್ ಎಂದು ಹೆಸರಿಟ್ಟರು. ತವರಿನಲ್ಲಿ ಇದು ನಾಲ್ಕು ಅಡಿ ಎತ್ತರಕ್ಕೆ ಹೋಗುವ, ವರ್ಷದಿಂದ ವರ್ಷಕ್ಕೆ ಬದುಕುವ ಗಿಡ. ಯೂರೋಪಿನ ಚಳಿ ಇದಕ್ಕೆ ಆಗಿಬರಲಿಲ್ಲ. ಹಾಗಾಗಿ ಅಲ್ಲಿನವರು ಒಂದು ಬೇಸಗೆಯ ಮಟ್ಟಿಗೆ ಬೆಳೆಸಿ, ಹೂ ಮುಗಿದ ಮೇಲೆ ಕಿತ್ತೆಸೆಯುವ ಪದ್ಧತಿ ಮಾಡಿಕೊಂಡರು. ಪಾತಿಯಲ್ಲಿ ಬಣ್ಣದ ಪಟ್ಟೆ ಎಳೆಯಲು ಅನುಕೂಲವಾಗಲೆಂದು ಆಯ್ದು ಆಯ್ದು ತಳಿಮಾಡಿ ಎತ್ತರವನ್ನು ಒಂದು ಅಡಿಗೆ ಇಳಿಸಿದರು. ಅದೇ ಕುಳ್ಳು ತಳಿ, ಅದೇ ಕಿತ್ತೆಸೆಯುವ ಪದ್ಧತಿ ನಮ್ಮ ಪಾರ್ಕುಗಳಿಗೂ ಬಂದವು. ಚಳಿ ಮಾತ್ರ ಬರಲಿಲ್ಲ. ಮೈಸೂರಿನ ಡಿಸೆಂಬರಿನಲ್ಲಿ ಒಂದು ಸ್ವೆಟರು ಹಾಕಿಕೊಂಡರೆ ಹೆಚ್ಚು; ಸಾಲ್ವಿಯಾಕ್ಕೆ ಅದೂ ಬೇಡ. ಆದರೂ ತೋಟದ ಮಾಲಿ ಹೂ ಇಳಿಯುತ್ತಿದ್ದಂತೆ ಬುಡಸಮೇತ ಕಿತ್ತು ಹೊಸ ಸಸಿ ನೆಡುತ್ತಾನೆ. ಟೆಂಡರು ಹಾಗಿದ್ದರೆ ಅವನೇನು ಮಾಡಿಯಾನು. ಮನೆಯಲ್ಲಿ ಬೆಳೆಸುವವರಿಗೆ ಟೆಂಡರಿನ ಹಂಗಿಲ್ಲ. ಹೂ ಮುಗಿದ ತೆನೆಯನ್ನು ಕೆಳಗಿನ ಎಲೆ ಜೋಡಿಯ ಮೇಲಕ್ಕೆ ಕತ್ತರಿಸಿ ಒಂದು ಹಿಡಿ ಗೊಬ್ಬರ ಹಾಕಿದರೆ ಗಿಡ ಕೊನರಿ ಮತ್ತೆ ಹೂವಿಗೆ ಬರುತ್ತದೆ.

ಬೀಜದಿಂದ ಶುರುಮಾಡುವವರಿಗೆ ಇದರಲ್ಲಿ ಸ್ವಲ್ಪ ತಮಾಷೆಯೂ ಇದೆ. ಒಣಗಿದ ಪುಷ್ಪಪಾತ್ರೆಯನ್ನು ಅಂಗೈ ಮೇಲೆ ಬಗ್ಗಿಸಿ ತಟ್ಟಿದರೆ ತಳದಿಂದ ಸಣ್ಣ ಕಾಳುಗಳು ಉದುರುತ್ತವೆ. ಎಲ್ಲ ಬಲಿತಿದ್ದರೆ ನಾಲ್ಕು. ಸಾಲ್ವಿಯಾದ ಹಲವು ಬಗೆಗಳ ಬೀಜಕ್ಕೆ ನೀರು ತಾಗಿದರೆ ಸಾಕು, ಮೈಸುತ್ತ ಲೋಳೆ ಉಬ್ಬಿಕೊಳ್ಳುತ್ತದೆ. ಪಾನಕದ ಲೋಟದಲ್ಲಿ ಕಾಮಕಸ್ತೂರಿ ಬೀಜ ನೋಡಿದವರಿಗೆ ಇದು ಹೊಸದೇನಲ್ಲ, ಮನೆತನದ ಚಾಳಿ. ಆ ಲೋಳೆ ಬೀಜವನ್ನು ಮಣ್ಣಿಗೆ ಅಂಟಿಸಿ ತೇವ ಹಿಡಿದಿಡುತ್ತದೆ. ಕೆಂಪು ಸಾಲ್ವಿಯಾದ ಬೀಜ ಬಿತ್ತಿದ ಮೇಲೆ ಮಣ್ಣು ಮುಚ್ಚಬಾರದು. ಮೊಳೆಯಲು ಅದಕ್ಕೆ ಬೆಳಕು ಬೇಕು. ಮರಳು ಬೆರೆಸಿದ ಸಡಿಲ ಮಣ್ಣಿನ ಮೇಲೆ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿದರೆ ಹತ್ತು ಹದಿನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ಆಗ ನೀರು ಹೆಚ್ಚಾದರೆ ಸಸಿಗಳ ಬುಡ ಕೊಳೆತು ಸಾಲು ಸಾಲು ಮಲಗಿಬಿಡುತ್ತವೆ.

ಉಳಿದ ಸಸಿಗೆ ಮೂರು ಜೋಡಿ ಎಲೆ ಬಂದಾಗ ತುದಿ ಚಿವುಟಬೇಕು. ಹೇಳುವುದು ಸುಲಭ. ಬೀಜ ಹಾಕಿ, ದಿನಾ ಬೆಳಿಗ್ಗೆ ಬಗ್ಗಿ ನೋಡಿ, ಬಸವನ ಹುಳುವಿನಿಂದ ಕಾಪಾಡಿ ಇಷ್ಟೆತ್ತರಕ್ಕೆ ತಂದ ಸಸಿಯ ತಲೆಯನ್ನು ನಮ್ಮ ಉಗುರಿನಿಂದಲೇ ಚಿವುಟುವುದಕ್ಕೆ ಮನಸ್ಸು ಗಟ್ಟಿ ಇರಬೇಕು. ಚಿವುಟದಿದ್ದರೆ ಗಿಡ ಒಂಟಿ ಕಡ್ಡಿಯಾಗಿ ಏರಿ ತುದಿಯಲ್ಲೊಂದು ತೆನೆ ಬಿಟ್ಟು ಮುಗಿಸುತ್ತದೆ. ಚಿವುಟಿದರೆ ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದು ಕವಲು ಒಡೆದು ಪೊದೆಯಾಗುತ್ತದೆ. ಬಿತ್ತಿದ ಎರಡು ಎರಡೂವರೆ ತಿಂಗಳಿಗೆ ಹೂ. ಮಣ್ಣಿಗೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಸುರಿದರೆ ಸೊಪ್ಪು ದಟ್ಟವಾಗಿ ಬಂದು ಹೂ ಹಿಂದೆ ಬೀಳುತ್ತದೆ. ಸೊಪ್ಪನ್ನು ಬೇಯಿಸಿ ಸಾರು ಮಾಡುವಂತಿಲ್ಲವಲ್ಲ. ಬಿಳಿ ನೊಣ, ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಎಲೆಯ ಹಿಂಬದಿಗೆ ಹೊಡೆಯಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಬುಡದಲ್ಲಿ ನಿಂತ ನೀರು.

ಒಂದು ಸಾಲ್ವಿಯಾ ಬಂದರೆ ಉಳಿದವು ಹಿಂದೆಯೇ ಬರುತ್ತವೆ. ಕೆಂಪಿನ ಪಕ್ಕದಲ್ಲಿ ನೀಲಿ ಇರಲಿ ಅನ್ನಿಸುತ್ತದೆ. ನೀಲಿ ಸಾಲ್ವಿಯಾ, ಅಂದರೆ ಸಾಲ್ವಿಯಾ ಫ್ಯಾರಿನೇಸಿಯಾ, ಟೆಕ್ಸಾಸ್ ಮತ್ತು ಮೆಕ್ಸಿಕೊದ್ದು. ತೊಟ್ಟಿನ ತುಂಬ ಬಿಳಿಯ ನವಿರು ರೋಮ. ಇಡೀ ದಿನದ ಬಿಸಿಲು ಬಿದ್ದರೂ ಜಗ್ಗುವುದಿಲ್ಲ. ಕೆಂಪಿಗೆ ಮಾತ್ರ ಬೆಳಗಿನ ಎಳೆ ಬಿಸಿಲು ಸಾಕು. ಏಪ್ರಿಲಿನ ಮಧ್ಯಾಹ್ನ ಅದಕ್ಕೆ ನೆರಳು ಬೇಕು, ಇಲ್ಲದಿದ್ದರೆ ಎಲೆ ಜೋತುಬಿಟ್ಟು ಮನೆಯವರನ್ನೆಲ್ಲ ಗಾಬರಿಪಡಿಸುತ್ತದೆ. ಮೂರನೆಯದು ಸಾಲ್ವಿಯಾ ಕಾಕ್ಸಿನಿಯಾ: ತೆಳು ಮೈಯ ಕೆಂಪು, ಗುಲಾಬಿ, ಬಿಳಿ ಹೂಗಳು. ಇದನ್ನು ಒಮ್ಮೆ ತಂದರೆ ಮುಗಿಯಿತು. ಬೀಜ ಉದುರಿಸಿಕೊಂಡು ಚಪ್ಪಡಿ ಸಂದಿಯಲ್ಲಿ, ನಲ್ಲಿಯ ಬುಡದಲ್ಲಿ, ಪಕ್ಕದ ಮನೆಯ ಕರಿಬೇವಿನ ಕುಂಡದಲ್ಲಿ ತಾನಾಗಿಯೇ ಹುಟ್ಟುತ್ತದೆ. ನಾಲ್ಕನೆಯದು ಮೆಕ್ಸಿಕೊದ ಸಾಲ್ವಿಯಾ ಲ್ಯುಕಾಂತಾ. ಊಟಿಗೋ ಮಡಿಕೇರಿಗೋ ಹೋದಾಗ ಅಲ್ಲಲ್ಲಿ ಕಣ್ಣಿಗೆ ಬೀಳುವ, ಉದ್ದನೆಯ ನೇರಳೆ ತೆನೆಯ ಪೊದೆ. ಅದರ ನೇರಳೆ ಇರುವುದು ರೋಮ ತುಂಬಿದ ಪುಷ್ಪಪಾತ್ರೆಯಲ್ಲಿ. ಒಳಗಿಂದ ಇಣುಕುವ ನಿಜವಾದ ಹೂ ಪುಟ್ಟದು, ಸಾಮಾನ್ಯವಾಗಿ ಬಿಳಿ. ಎಲೆಯನ್ನು ತಿಕ್ಕಿದರೆ ಖಾರವಾದ ವಾಸನೆ. ನಮ್ಮ ಬೀದಿಯ ಹಸು ಗೇಟಿನ ಸಂದಿಯಿಂದ ಮೂತಿ ತೂರಿಸಿ ಒಮ್ಮೆ ಬಾಯಿ ಹಾಕಿ, ತಲೆ ಕೊಡವಿಕೊಂಡು ಪಕ್ಕದ ಮನೆಯ ದಾಸವಾಳಕ್ಕೆ ಹೋಯಿತು.

ಲಾಲ್‌ಬಾಗಿನ ಹೊಣೆಯನ್ನು 1908ರಲ್ಲಿ ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದರದು ಶುರುವಾಗುವಂತೆ ಯೋಜನೆ ಮಾಡಿದ. ಊರಿಗೆ ಮರದಲ್ಲಿ ಮಾಡಿದ್ದನ್ನು ನಾವು ಕಾಂಪೌಂಡಿನ ಒಳಗಿನ ಮೂರಡಿ ಅಗಲದ ಪಟ್ಟಿಯಲ್ಲಿ ಸಾಲ್ವಿಯಾದಿಂದ ಮಾಡಿಕೊಳ್ಳಬಹುದು. ಕಾಕ್ಸಿನಿಯಾ ಹೆಚ್ಚು ಕಡಿಮೆ ವರ್ಷವಿಡೀ, ಮಳೆ ಕಳೆದ ಮೇಲೆ ಕೆಂಪು, ನೀಲಿ, ಚಳಿಗೆ ಲ್ಯುಕಾಂತಾ. ಇದಕ್ಕೆ ಖರ್ಚೂ ಇಲ್ಲ. ಮಳೆಗಾಲದಲ್ಲಿ ಹೂವಿಲ್ಲದ ರೆಂಬೆಯಿಂದ ನಾಲ್ಕಿಂಚು ಕಡ್ಡಿಯನ್ನು ಗಿಣ್ಣಿನ ಕೆಳಕ್ಕೆ ಕತ್ತರಿಸಿ, ಬುಡದ ಎಲೆ ತೆಗೆದು ಮರಳಿಗೆ ಚುಚ್ಚಿ ನೆರಳಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಗೊತ್ತಾದ ಒಂದು ಲಾಭವನ್ನು ಯಾವ ತೋಟಗಾರಿಕೆ ಪುಸ್ತಕದಲ್ಲೂ ನಾನು ಓದಿಲ್ಲ. ಅದು ವಾಕಿಂಗಿಗೆ ಸಂಬಂಧಪಟ್ಟದ್ದು.

ನಮ್ಮ ಬಡಾವಣೆಯಲ್ಲಿ ಬೆಳಗಿನ ಐದೂವರೆಗೆ ಹೊರಡುವ ಒಂದು ತಂಡವಿದೆ. ಕಾಲಿಗೆ ಶೂಸು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕೆಲವರ ಬಳಿ ತುದಿಗೆ ಕೊಕ್ಕೆ ಬಗ್ಗಿಸಿದ ಕೋಲೂ ಉಂಟು. ಕಾಂಪೌಂಡಿನಿಂದ ಆಚೆಗೆ ಬಾಗಿದ ರೆಂಬೆ ಸಾರ್ವಜನಿಕರದ್ದು, ಈಚೆಗೆ ಇರುವುದು ಕೊಕ್ಕೆಗೆ ಸಿಗುವಷ್ಟರ ಮಟ್ಟಿಗೆ ಸಾರ್ವಜನಿಕರದ್ದು ಎಂಬುದು ಇವರ ಕಾನೂನು. ಇವರ ಮುಂದಾಳು ಎದುರು ರಸ್ತೆಯ ರಾಯರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಪರರ ಒಂದು ಪೈಸೆ ಮುಟ್ಟದವರು. ಹೂವಿನ ವಿಷಯ ಬೇರೆ. ಅದು ದೇವರಿಗೆ ಹೋಗುವುದರಿಂದ ನಡುವೆ ಯಾರದ್ದು ಎಂಬ ಪ್ರಶ್ನೆ ಏಳುವುದಿಲ್ಲ. ನಾವು ಹಾಲು ತರಲು ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ನಂದಿಬಟ್ಟಲು ಬೋಳು, ಕಣಗಿಲೆ ಬೋಳು, ದಾಸವಾಳದಲ್ಲಿ ನಾಳೆಯ ಮೊಗ್ಗು ಮಾತ್ರ. ಅತ್ತೆ ತಮ್ಮ ಪೂಜೆಗೆ ಸಂತೆಪೇಟೆಯ ಬಿಡಿ ಹೂ ತರಿಸುತ್ತಿದ್ದರು; ಅಂಗಳದಲ್ಲಿ ಬೆಳೆದದ್ದು ರಾಯರ ದೇವರಿಗೆ ಹೋಗುತ್ತಿತ್ತು. ಒಂದು ದಿನ ಎದುರಿಗೇ ಸಿಕ್ಕಿಬಿದ್ದಾಗಲೂ ರಾಯರು ಅಳುಕಲಿಲ್ಲ. “ಏನಮ್ಮ, ಈ ಸಲ ಕಣಗಿಲೆ ಸ್ವಲ್ಪ ಸಣ್ಣ ಬಿಡ್ತಿದೆ. ಗೊಬ್ಬರ ಗಿಬ್ಬರ ಹಾಕಿದ್ರಾ?” ಅಂದರು.

ಸಾಲ್ವಿಯಾದ ಮುಂದೆ ಈ ತಂಡ ನಿಲ್ಲುವುದೇ ಇಲ್ಲ. ಗೇಟಿನ ಪಕ್ಕದಲ್ಲಿ, ಕೈಯಳತೆಯಲ್ಲಿ, ಮೊಣಕಾಲೆತ್ತರಕ್ಕೆ ಕೆಂಪಗೆ ನಿಂತಿದ್ದರೂ ಅದು ಅವರ ಕಣ್ಣಿಗೆ ಹೂವಲ್ಲ. ಅತ್ತೆಯ ಮೂರು ಪ್ರಶ್ನೆಗಳಲ್ಲಿ ಫೇಲಾದದ್ದೇ ಅದನ್ನು ಉಳಿಸಿತು. ಬೇರೆ ಗಿಡಗಳ ಹೂವನ್ನು ನಾವು ನೋಡುವುದು ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಅದು ತಟ್ಟೆಯಲ್ಲೋ ಪಟದ ಮೇಲೋ ಇರುತ್ತದೆ. ಸಾಲ್ವಿಯಾ ಮಾತ್ರ ಬೆಳಿಗ್ಗೆಯೂ ಅಲ್ಲೇ, ಮಧ್ಯಾಹ್ನವೂ ಅಲ್ಲೇ, ಮುಂದಿನ ವಾರವೂ ಅಲ್ಲೇ. ಅದರ ಕೆಂಪು ಕೊಳವೆ ಉದುರಿದ ಮೇಲೂ ಪುಷ್ಪಪಾತ್ರೆ ಕೆಂಪಾಗಿಯೇ ಇರುವುದರಿಂದ ಹೂ ಹೋದದ್ದು ದೂರದವರಿಗೆ ತಿಳಿಯುವುದೂ ಇಲ್ಲ. ಹೀಗೆ ಕೀಳುವವರಿಲ್ಲದ ಹೂವಿನ ಎದುರು ಕಾಫಿ ಲೋಟ ಹಿಡಿದು ಕೂತಾಗ, ಹೂವಿಗೆ ನಮ್ಮನ್ನು ಬಿಟ್ಟು ಬೇರೆ ಕೆಲಸವಿದೆ ಎಂಬುದು ಗಮನಕ್ಕೆ ಬರುತ್ತದೆ.

ನೀಲಿ ಸಾಲ್ವಿಯಾದ ಒಂದು ಹೂವನ್ನು ಹತ್ತಿರದಿಂದ ನೋಡಿ. ಕೆಳ ತುಟಿ ಅಗಲ, ದುಂಬಿ ಇಳಿಯುವ ಜಗುಲಿ. ಮೇಲಿನ ತುಟಿ ಬಾಗಿದ ಛಾವಣಿ. ಒಳಗೆ ಕೇಸರಗಳು ಎರಡೇ. ಪ್ರತಿಯೊಂದೂ ನಡುವೆ ಕೀಲಿರುವ ಒಂದು ಸಣ್ಣ ಏತ. ಏತದ ಮೇಲಿನ ತುದಿಯಲ್ಲಿ ಪರಾಗದ ಚೀಲ, ಅದು ಛಾವಣಿಯೊಳಗೆ ಅಡಗಿದೆ. ಕೆಳಗಿನ ತುದಿ ಮಕರಂದಕ್ಕೆ ಹೋಗುವ ದಾರಿಗೆ ಅಡ್ಡ ನಿಂತಿದೆ. ಜೇನು ತಲೆ ತೂರಿಸಿ ಅಡ್ಡ ಇರುವುದನ್ನು ಒಳಕ್ಕೆ ತಳ್ಳುತ್ತದೆ. ಕೆಳತುದಿ ಹಿಂದೆ ಸರಿದಾಗ ಮೇಲ್ತುದಿ ಬಗ್ಗಿ ಜೇನಿನ ಬೆನ್ನಿಗೆ ಪರಾಗ ಸವರುತ್ತದೆ. ಜೇನು ಹೊರಗೆ ಬಂದರೆ ಏತ ಮೇಲಕ್ಕೆ. ಇದನ್ನು ನೋಡಲು ಜೇನಿಗಾಗಿ ಕಾಯಬೇಕಾಗಿಲ್ಲ. ಗರಿಕೆಯ ಒಂದು ಎಳೆ ಕಡ್ಡಿಯನ್ನು ಹೂವಿನ ಗಂಟಲಿಗೆ ಮೆಲ್ಲಗೆ ತೂರಿಸಿದರೂ ಕೇಸರ ಬಗ್ಗುತ್ತದೆ. ಮರುದಿನವೋ ಅದರ ಮರುದಿನವೋ ಅದೇ ಹೂವಿನ ಶಲಾಕೆ ಕೆಳಕ್ಕೆ ಬಾಗಿರುತ್ತದೆ. ಬೇರೆ ಹೂವಿನಲ್ಲಿ ಬೆನ್ನಿಗೆ ಪರಾಗ ಬಳಿಸಿಕೊಂಡು ಬಂದ ಜೇನು ಈಗ ಒಳಗೆ ಹೊಕ್ಕರೆ, ಆ ಶಲಾಕೆಯ ತುದಿ ತಾಗುವುದು ಸರಿಯಾಗಿ ಪರಾಗ ಅಂಟಿದ ಜಾಗಕ್ಕೆ.

ಸಾಲ್ವಿಯಾದ ಈ ಏರ್ಪಾಟನ್ನು 1793ರಲ್ಲೇ ವಿವರಿಸಿದವನು ಬರ್ಲಿನ್ ಬಳಿಯ ಸ್ಪಾಂಡೌ ಊರಿನ ಶಾಲಾ ಮೇಷ್ಟರು, ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್. ಹೂವಿನ ಬಣ್ಣ, ಗೆರೆ, ಮಕರಂದ ಎಲ್ಲವೂ ಕೀಟಗಳನ್ನು ಕರೆಯಲಿಕ್ಕೆ ಇರುವ ವ್ಯವಸ್ಥೆ ಎಂದು ಅವನು ಪುಸ್ತಕ ಬರೆದ. ಅವನ ಕಾಲದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ವರ್ಷ ಕಳೆದು ಡಾರ್ವಿನ್ ಅದನ್ನು ಓದಿ ಮೆಚ್ಚಿದ ಮೇಲೆ ಲೋಕ ತಿರುಗಿ ನೋಡಿತು. ಪಾಠ ಬಿಟ್ಟು ಹೂವಿನ ಮುಂದೆ ಗಂಟೆಗಟ್ಟಲೆ ಕೂರುವ ಮೇಷ್ಟರ ಬಗ್ಗೆ ಆ ಊರಿನ ಅತ್ತೆಯಂದಿರು ಏನೆಂದಿರಬಹುದು ಎಂಬುದನ್ನು ನಾನು ಸುಲಭವಾಗಿ ಊಹಿಸಬಲ್ಲೆ.

ಕೆಂಪು ಸಾಲ್ವಿಯಾದ ಕಥೆ ಬೇರೆ. ಹಕ್ಕಿಗಳನ್ನು ನೆಚ್ಚಿಕೊಂಡ ಹಲವು ಸಾಲ್ವಿಯಾಗಳಲ್ಲಿ ಈ ಏತ ಆಡುವುದಿಲ್ಲ. ಬ್ರೆಜಿಲ್‌ನಲ್ಲಿ ಕೆಂಪಿನ ಉದ್ದ ಕೊಳವೆಗೆ ಬರುವುದು ಹಮ್ಮಿಂಗ್‌ಬರ್ಡ್. ಅದು ಗಾಳಿಯಲ್ಲೇ ನಿಂತು ಹೀರುವ ಹಕ್ಕಿಯಾದ್ದರಿಂದ ಹೂವಿಗೆ ಜಗುಲಿಯ ಅಗತ್ಯವಿಲ್ಲ. ಅಮೆರಿಕ ಖಂಡಗಳನ್ನು ಬಿಟ್ಟರೆ ಹಮ್ಮಿಂಗ್‌ಬರ್ಡ್ ಎಲ್ಲೂ ಇಲ್ಲ. ಮೈಸೂರಿಗೆ ಬಂದ ಸಾಲ್ವಿಯಾಕ್ಕೆ ಸಿಕ್ಕವನು ಸೂರಕ್ಕಿ. ಇವನಿಗೆ ಕೂರಲು ಜಾಗ ಬೇಕು. ತೆನೆಯನ್ನೇ ಹಿಡಿದು ಕೂರುತ್ತಾನೆ, ತೆನೆ ಬಾಗುತ್ತದೆ, ತಲೆಕೆಳಗಾಗಿ ನೇತಾಡಿಕೊಂಡೇ ಒಂದೊಂದು ಕೊಳವೆಗೂ ಕೊಕ್ಕು ಇಳಿಸುತ್ತಾನೆ. ಕೆಲವೊಮ್ಮೆ ಅಷ್ಟು ತಾಳ್ಮೆಯೂ ಇರುವುದಿಲ್ಲ, ಬುಡಕ್ಕೇ ಚುಚ್ಚಿ ಕುಡಿಯುತ್ತಾನೆ. ಮೈಯೆಲ್ಲ ಕಪ್ಪಾದ ಬಡಗಿ ದುಂಬಿಗಂತೂ ಮುಂಬಾಗಿಲು ಗೊತ್ತೇ ಇಲ್ಲ. ಕೊಳವೆಯ ಬದಿಯನ್ನು ಸೀಳಿ ಮಕರಂದ ಹೊಡೆದುಕೊಂಡು ಪರಾಗದ ಕೆಲಸ ಮಾಡದೆ ಹೋಗುತ್ತದೆ. ಅದು ಮಾಡಿಟ್ಟ ಸೀಳಿನಲ್ಲಿ ಆಮೇಲೆ ಸಣ್ಣ ಜೇನುಗಳೂ ಇರುವೆಗಳೂ ಸಾಲುಗಟ್ಟುತ್ತವೆ. ನಮ್ಮ ಬಡಾವಣೆಯ ಕಾನೂನು ಇಲ್ಲೂ ಜಾರಿಯಲ್ಲಿದೆ. ಇನ್ನೊಂದು ಪಾಲು ಸ್ಕೂಲು ವ್ಯಾನಿಗೆ ಕಾಯುವ ಮಕ್ಕಳದ್ದು. ಕೆಂಪು ಕೊಳವೆಯನ್ನು ಮೆಲ್ಲಗೆ ಎಳೆದು ಬಿಳಿ ತುದಿಯನ್ನು ಬಾಯಿಗಿಟ್ಟು ಚೀಪಿ ಎಸೆಯುತ್ತಾರೆ. ಈ ವಿದ್ಯೆಯನ್ನು ಯಾರು ಯಾರಿಗೆ ಹೇಳಿಕೊಡುತ್ತಾರೋ ಕಾಣೆ. ಪ್ರತಿ ವರ್ಷದ ಹೊಸ ಮಕ್ಕಳಿಗೂ ಗೊತ್ತಿರುತ್ತದೆ. ಅತ್ತೆ ಗದರುವುದಿಲ್ಲ. ಸೂರಕ್ಕಿ ಬಂದಾಗ ಮಾತ್ರ ಮಕ್ಕಳಿಗೆ ಕೈಸನ್ನೆ ಮಾಡಿ ಸುಮ್ಮನಿರಿಸುತ್ತಾರೆ. ಗಿಡದ ಬಗ್ಗೆ ಅಭಿಪ್ರಾಯ ಬದಲಾಗಿದೆಯೇ ಎಂದು ನಾನು ಕೇಳಲು ಹೋಗಿಲ್ಲ.

ಲ್ಯುಕಾಂತಾದ್ದು ಬೇರೆಯೇ ಒಂದು ಶಿಸ್ತು. ಗೇಟಿನ ಎಡಕ್ಕೊಂದು, ಬಲಕ್ಕೊಂದು ಒಂದೇ ತಾಯಿಯ ಕಡ್ಡಿ ನೆಟ್ಟಿದ್ದೆ. ದಸರೆ ಕಳೆದು ಚಳಿ ಬಿದ್ದಂತೆ ಎಡಗಡೆಯದು ನೇರಳೆ ತೆನೆ ಚಾಚಿತು. ಬಲಗಡೆಯದು ಸೊಪ್ಪು ಬೆಳೆಸಿಕೊಂಡು ಸುಮ್ಮನಿತ್ತು. ಅದರ ತಲೆಯ ಮೇಲೆ ಬೀದಿ ದೀಪ. ಲ್ಯುಕಾಂತಾ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಮೈಸೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗೂ ತುಸು ಕಡಿಮೆ. ನಮಗೆ ಗೊತ್ತೇ ಆಗದ ಆ ಅಂತರ ಅದಕ್ಕೆ ಗೊತ್ತಾಗುತ್ತದೆ, ನಡುವೆ ಯಾರೂ ದೀಪ ಹಚ್ಚದಿದ್ದರೆ. ಇದರ ಲಾಭ ಪಡೆಯುವವರು ಸೇವಂತಿಗೆ ಬೆಳೆಯುವ ರೈತರು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಸಾಲು ಬಲ್ಬು ಉರಿಯುವುದನ್ನು ಕಂಡಿರಬಹುದು. ಮದುವೆಯೂ ಅಲ್ಲ, ಜಾತ್ರೆಯೂ ಅಲ್ಲ; ಗಿಡಕ್ಕೆ ಇನ್ನೂ ಹಗಲು ಮುಗಿದಿಲ್ಲ ಎಂದು ನಂಬಿಸಿ, ಅದು ಬೇಗ ಮೊಗ್ಗಿಗೆ ಬರದಂತೆ ತಡೆದು, ಬೇಕಾದ ಹೊತ್ತಿಗೆ ಹೂ ತೆಗೆಯುವ ಉಪಾಯ. ಬಲಗಡೆಯ ಲ್ಯುಕಾಂತಾವನ್ನು ಮಳೆಗಾಲದಲ್ಲಿ ದೀಪದ ಬೆಳಕು ಬೀಳದ ಮೂಲೆಗೆ ಬದಲಾಯಿಸಿದೆ. ಮುಂದಿನ ಚಳಿಗೆ ಅದೂ ತಂಗಿಯ ಜೊತೆ ಹೂ ಬಿಟ್ಟಿತು.

ಬಳಗದಲ್ಲಿ ದುಡಿಯುವವರೇ ಇಲ್ಲ ಅಂದರೆ ತಪ್ಪಾಗುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ತೂಕ ಇಳಿಸುವವರು ಕೊಳ್ಳುವ ಚಿಯಾ ಬೀಜವೂ ಒಂದು ಸಾಲ್ವಿಯಾದ್ದೇ, ಸಾಲ್ವಿಯಾ ಹಿಸ್ಪಾನಿಕಾ. ಮೆಕ್ಸಿಕೊದ ಹಳೆಯ ಬೆಳೆ. ಮೈಸೂರಿನ ಸಿಎಫ್‌ಟಿಆರ್‌ಐ ಅದರ ಬೇಸಾಯವನ್ನು ಇಲ್ಲಿನ ರೈತರಿಗೆ ಪರಿಚಯಿಸಿದ ಮೇಲೆ ಎಚ್.ಡಿ. ಕೋಟೆಯ ಕಡೆ ಹೊಲಗಳಲ್ಲಿ ಕಾಣಸಿಗುತ್ತದೆ. ಅದೂ ಹಗಲು ಕುಗ್ಗಿದಾಗಲೇ ಹೂವಿಗೆ ಬರುವ ಜಾತಿ. ತೆಳು ನೀಲಿ ತೆನೆಗಳು. ಕೋಟೆಯಿಂದ ಬಂದ ನೆಂಟರೊಬ್ಬರು ನಮ್ಮ ಅಂಗಳ ನೋಡಿ, “ಇದರ ಬದ್ಲು ಅದನ್ನೇ ಹಾಕಿದ್ರೆ ಕಿಲೋಗಿಷ್ಟು ಅಂತ ಕೈಗೆ ಬರೋದು” ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: “ಎಲ್ಲಾನೂ ಕಿಲೋ ಲೆಕ್ಕಕ್ಕೆ ಬೆಳೀಬೇಕಾ? ಇದೊಂದು ಇರಲಿ ಬಿಡಿ.” ನೆಂಟರು ಕಾಫಿ ಕುಡಿದು ಹೋದರು. ಅತ್ತೆಯ ಮೂರು ಪ್ರಶ್ನೆಗೆ ನಾಲ್ಕನೆಯ ಉತ್ತರವೊಂದು ಹೀಗೆ ಅವರಿಂದಲೇ ಸಿಕ್ಕಿತು. ಹೊಸ ಗಿಡಗಳಿಗೆ ಸಂದರ್ಶನ ಮಾತ್ರ ಎಂದಿನಂತೆ ನಡೆಯುತ್ತಿದೆ.

ರಾಯರ ವಿಷಯ ಹೇಳದಿದ್ದರೆ ಇದು ಅರ್ಧಕ್ಕೆ ನಿಂತಂತಾಗುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಹೂವಿನ ಕವರನ್ನು ಬೆನ್ನ ಹಿಂದೆ ಹಿಡಿದುಕೊಂಡು ಗೇಟಿನ ಮುಂದೆ ನಿಂತಿದ್ದರು. ನೇರಳೆ ತೆನೆಗೆ ಸೂರಕ್ಕಿ ಜೋಡಿ ಬಂದಿತ್ತು. ಬಹಳ ಹೊತ್ತು ನೋಡಿ, “ಅಮ್ಮ, ಇದರದ್ದೊಂದು ಕಡ್ಡಿ ಸಿಗಬಹುದಾ?” ಎಂದು ಕೇಳಿದರು. ನಮ್ಮ ಮನೆಯ ಗಿಡದಿಂದ ರಾಯರು ಏನನ್ನಾದರೂ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ನಾಲ್ಕಾರು ಕಡ್ಡಿ ಕತ್ತರಿಸಿ, ಒದ್ದೆ ಕಾಗದ ಸುತ್ತಿ, ದೀಪದ ಕೆಳಗೆ ನೆಡಬೇಡಿ ಎಂದು ಹೇಳಿ ಕೊಟ್ಟೆ. ಚೆನ್ನಾಗಿ ಸಾಕಿದ್ದಾರೆ. ಈ ಸಲ ಅವರ ಗೇಟಿನ ಪಕ್ಕದ ಪೊದೆ ನಮ್ಮದಕ್ಕಿಂತ ದಟ್ಟವಾಗಿ ಹೂ ಬಿಟ್ಟಿದೆ. ಪೊದೆಗೆ ತಾಗಿಕೊಂಡು ತಗಡಿನ ಒಂದು ಬೋರ್ಡೂ ಎದ್ದಿದೆ, ಬಿಳಿಯ ಮೇಲೆ ಕೆಂಪಕ್ಷರ: “ದಯವಿಟ್ಟು ಹೂ ಕೀಳಬೇಡಿ.”

ಈ ಹೂವಿಗೆ ಬೋರ್ಡು ದಂಡ, ಯಾರೂ ಮುಟ್ಟುವುದಿಲ್ಲ ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ತಿವಿದರು. “ಸುಮ್ನಿರು. ಬರೆದ ಮೇಲೆ ಅವರೂ ಓದಿರ್ತಾರೆ.”